ನದಿಯಲ್ಲಿ ದೂರದ ಪ್ಯಾಡಲ್‌ಬೋರ್ಡ್ ರೇಸ್: ಸುರಕ್ಷತೆ ಮತ್ತು ಸಲಕರಣೆಯ ಟಿಪ್ಪಣಿ

ಪ್ಯಾಡಲ್‌ಬೋರ್ಡ್ ಅಂದರೆ ಮೇಲೆ ನಿಂತು ಹುಟ್ಟು ಹಾಕುವ ಉದ್ದನೆ ಹಲಗೆ. ನಮ್ಮಲ್ಲಿ ಹೆಚ್ಚಿನವರು ಪ್ಯಾಡಲ್‌ಬೋರ್ಡ್ ಕಲಿಯುವುದು ನಿಂತ ನೀರಿನಲ್ಲಿ. ಆಮೇಲೆ ನದಿಯ ರೇಸ್‌ಗೆ ಹೆಸರು ಕೊಡುತ್ತೇವೆ. ಬೋರ್ಡ್ ಅದೇ, ಹುಟ್ಟು ಅದೇ, ಹಾಗಾಗಿ ಕೆರೆಯ ಅಭ್ಯಾಸಗಳೂ ಜೊತೆಗೇ ಬರುತ್ತವೆ. ನಾನೂ ಹಾಗೇ ಬಂದವನು. ಕಲಿಯುತ್ತಾ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಎಲ್ಲದರ ಬುಡದಲ್ಲಿರುವ ಸಂಗತಿ ಒಂದೇ. ಕೆರೆಯಲ್ಲಿ ನೀವು ಬಿದ್ದರೆ ನೀರು ಸುಮ್ನೆ ಇರುತ್ತದೆ. ನದಿಯಲ್ಲಿ ನೀವು ಬಿದ್ದ ಮೇಲೂ ನೀರು ತಳ್ಳುತ್ತಲೇ ಇರುತ್ತದೆ. ಯಾವ ಸಲಕರಣೆ ಬೇಕು, ಯಾವುದು ಬೇಡ ಅನ್ನೋದು ಇದರ ಮೇಲೆಯೇ ನಿಂತಿದೆ.

ಮೊದಲು ಲೀಶ್

ಲೀಶ್ ಅಂದರೆ ನಿಮ್ಮನ್ನು ಬೋರ್ಡ್‌ಗೆ ಕಟ್ಟುವ ಹಗ್ಗ. ಸಮುದ್ರದಲ್ಲಿ, ಕೆರೆಯಲ್ಲಿ ಅದನ್ನು ಕಾಲಿಗೆ ಕಟ್ಟುತ್ತಾರೆ. ಅಲ್ಲಿ ಅದು ಸರಿಯೇ. ಗಾಳಿಗೆ ಬೋರ್ಡ್ ದೂರ ಹೋಗಿಬಿಟ್ಟರೆ ಈಜಿ ಹಿಡಿಯಲು ಆಗುವುದಿಲ್ಲ.

ಹರಿಯುವ ನೀರಿನಲ್ಲಿ ಅದೇ ಕಾಲಿನ ಲೀಶ್ ಜೀವ ತೆಗೆಯಬಹುದು. ಹೇಗೆ ಅಂತ ನೋಡಿ. ನೀವು ಬೀಳುತ್ತೀರಿ. ಮುಂದೆ ಒಂದು ಸೇತುವೆ ಕಂಬ ಇದೆ, ಇಲ್ಲವೇ ನೀರಿಗೆ ಬಾಗಿದ ಮರ ಇದೆ. ಬೋರ್ಡ್ ಕಂಬದ ಒಂದು ಪಕ್ಕದಲ್ಲಿ ಹೋಗುತ್ತದೆ, ನೀವು ಇನ್ನೊಂದು ಪಕ್ಕದಲ್ಲಿ. ಲೀಶ್ ಕಂಬಕ್ಕೆ ಸಿಕ್ಕಿಕೊಂಡು ಬಿಗಿಯಾಗುತ್ತದೆ. ನೀರು ನಿಮ್ಮನ್ನು ಕೆಳಗೆ ಎಳೆಯುತ್ತದೆ, ಹಗ್ಗ ಕಾಲನ್ನು ಮೇಲಕ್ಕೆ ಹಿಡಿದಿರುತ್ತದೆ, ತಲೆ ನೀರೊಳಗೆ ಹೋಗುತ್ತದೆ. ಆಗ ಬಗ್ಗಿ ಪಾದದ ಪಟ್ಟಿ ಬಿಚ್ಚಬೇಕು.

ಅದು ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಹರಿಯುವ ನೀರಿನ ತಳ್ಳು ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟು. ನೀರಿಗೆ ಎದುರಾಗಿರುವ ಮೈ ಅರ್ಧ ಚದರ ಮೀಟರ್ ಅಂತ ಇಟ್ಟುಕೊಳ್ಳಿ, ಆಕಾರದ ಗುಣಾಂಕ 1 ಅಂತ ಹಿಡಿಯಿರಿ. ಸೆಕೆಂಡಿಗೆ 1 ಮೀಟರ್ ಹರಿವಿನಲ್ಲಿ ಸುಮಾರು 250 ನ್ಯೂಟನ್, ಅಂದರೆ 25 ಕೆ.ಜಿ.ಯಷ್ಟು ಭಾರ ನಿಮ್ಮನ್ನು ತಳ್ಳುತ್ತಿರುತ್ತದೆ. ಸೆಕೆಂಡಿಗೆ 2 ಮೀಟರ್ ಆದರೆ 1000 ನ್ಯೂಟನ್, ಸುಮಾರು 100 ಕೆ.ಜಿ. ಗಂಟೆಗೆ 7.2 ಕಿ.ಮೀ. ವೇಗ ಅಷ್ಟೇ ಅದು. ದಡದಲ್ಲಿ ನಿಂತು ನೋಡಿದರೆ ಅಂಥ ರಭಸ ಅನ್ನಿಸುವುದೂ ಇಲ್ಲ. ಆದರೆ ಎದೆಯ ಮೇಲೆ ಅಷ್ಟು ಭಾರ ಹೊತ್ತುಕೊಂಡು, ಉಸಿರು ಕಟ್ಟಿ, ಪಾದ ಮುಟ್ಟಲು ಯಾರಿಂದ ಸಾಧ್ಯ?

ಅದಕ್ಕೇ ನದಿಯಲ್ಲಿ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಡುಗಡೆಯಾಗುವ ಲೀಶ್ ಬಳಸುತ್ತಾರೆ. ಇದನ್ನು ಕ್ವಿಕ್ ರಿಲೀಸ್ ಲೀಶ್ ಅನ್ನುತ್ತಾರೆ. ಎಳೆಯುವ ಗುಂಡು ಹೊಟ್ಟೆಯ ಮುಂದೆ, ಎರಡೂ ಕೈಗೆ ಸಿಗುವಂತೆ ಇರಬೇಕು. ಒಂದು ಕೈ ಸಿಕ್ಕಿಕೊಂಡಿದ್ದರೆ ಇನ್ನೊಂದು ಕೈಯಿಂದ ಎಳೆಯಬೇಕಾಗುತ್ತದೆ, ಅಲ್ವಾ?

ತಂದು ಕಟ್ಟಿಕೊಂಡರೆ ಮುಗಿಯಿತು ಅಂದುಕೊಳ್ಳಬೇಡಿ. ನಾನು ಮೊದಲ ಬಾರಿ ಆಳವಿಲ್ಲದ ನೀರಿನಲ್ಲಿ ಇದನ್ನು ಪರೀಕ್ಷಿಸಿದಾಗ ಬೆಲ್ಟ್ ತಿರುಗಿ ಗುಂಡು ಬೆನ್ನ ಕಡೆ ಹೋಗಿತ್ತು. ಲೈಫ್ ಜಾಕೆಟ್‌ನ ಅಂಚು ಅದರ ಮೇಲೆ ಕೂತಿತ್ತು. ಕೈಗೆ ಸಿಗಲೇ ಇಲ್ಲ. ಗೆಳೆಯನೊಬ್ಬ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದರಿಂದ ಅದು ಪಾಠವಾಗಿ ಉಳಿಯಿತು. ಅಂದಿನಿಂದ ನೀರಿಗಿಳಿಯುವ ಮುಂಚೆ ಪ್ರತಿ ಸಲ ಕಣ್ಣು ಮುಚ್ಚಿ ಗುಂಡನ್ನು ಮುಟ್ಟಿ ನೋಡುತ್ತೇನೆ. ನೀವೂ ಮಾಡಿ. ಮತ್ತೊಬ್ಬರು ಹಗ್ಗವನ್ನು ಜೋರಾಗಿ ಎಳೆದು ಹಿಡಿದಿರುವಾಗ ಬಿಡಿಸಿ ನೋಡಿ. ಸಡಿಲವಾಗಿದ್ದಾಗ ಎಲ್ಲ ಲೀಶೂ ಬಿಚ್ಚಿಕೊಳ್ಳುತ್ತವೆ. ಬಿಗಿಯಾದಾಗ ಬಿಚ್ಚಿಕೊಳ್ಳುತ್ತದೆಯೇ ಅನ್ನುವುದೇ ನಮಗೆ ಬೇಕಾದ ಉತ್ತರ. ರೇಸ್‌ನ ನಿಯಮದಲ್ಲಿ ಲೀಶ್ ಕಡ್ಡಾಯ ಅಂತಷ್ಟೇ ಬರೆದಿದ್ದರೆ, ಯಾವ ಬಗೆಯದು ಅಂತ ಆಯೋಜಕರನ್ನು ಕೇಳಿ ತಿಳಿದುಕೊಳ್ಳಿ.

ಲೈಫ್ ಜಾಕೆಟ್

ಸೊಂಟದ ಚೀಲದೊಳಗೆ ಮಡಿಸಿಟ್ಟ, ಎಳೆದರೆ ಗಾಳಿ ತುಂಬುವ ಬಗೆಯದು ಹಗುರ. ಸೆಕೆಗೂ ಹಿತ. ಆದರೆ ಅದು ಕೆಲಸ ಮಾಡಲು ನಿಮಗೆ ಎಚ್ಚರ ಇರಬೇಕು, ಕೈ ಆಡಬೇಕು, ಗಾಳಿ ತುಂಬಿದ ಮೇಲೆ ಅದನ್ನು ತಲೆಯ ಮೇಲಿಂದ ಹಾಕಿಕೊಳ್ಳಬೇಕು. ಬೀಳುವಾಗ ತಲೆ ಬಂಡೆಗೆ ಬಡಿದರೆ ಅದು ಇದ್ದೂ ಇಲ್ಲದ ಹಾಗೆ. ಚೂಪು ಕೊಂಬೆಗೆ ತೂತಾಗುವ ಭಯ ಬೇರೆ. ಹಾಗಾಗಿ ನದಿಗೆ ಫೋಮ್ ತುಂಬಿದ ಜಾಕೆಟ್ಟೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಈಜು ಬರುವವರಿಗೆ, ಸಹಾಯ ಹತ್ತಿರ ಇರುವ ಕಡೆಗೆ ಅಂತ 50 ನ್ಯೂಟನ್ ತೇಲಿಸುವ ಬಲದ ಜಾಕೆಟ್‌ಗಳಿವೆ. ಹುಟ್ಟು ಹಾಕಲು ತೋಳಿನ ಬಳಿ ಅಗಲವಾಗಿ ಕತ್ತರಿಸಿದ್ದು ನೋಡಿ. ಹಾಕಿಕೊಂಡ ಮೇಲೆ ಯಾರಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ.

ವಿಷಲ್ ಜಾಕೆಟ್‌ಗೇ ಕಟ್ಟಿರಲಿ. ಮೂರು ಸಲ ಊದಿದರೆ ಆಪತ್ತು ಅಂತ ಅರ್ಥ.

ಮೈ ಮೇಲೆ ಏನು, ಬೋರ್ಡ್ ಮೇಲೆ ಏನು

ರೇಸ್‌ನ ಸಾಮಾನು ಪಟ್ಟಿ ಉದ್ದ ಇರುತ್ತದೆ. ನಾನು ಅದನ್ನು ಎರಡು ಭಾಗ ಮಾಡಿಕೊಳ್ಳುತ್ತೇನೆ. ಲೀಶ್ ಬಿಡಿಸಿದ ಕ್ಷಣ ಬೋರ್ಡ್ ಹೋಗಿಬಿಡುತ್ತದೆ. ಆಗ ದಡ ಸೇರಿ, ಜನರನ್ನು ಕರೆಯುವವರೆಗೆ ನನಗೆ ಏನೇನು ಬೇಕು? ಅವೆಲ್ಲ ಮೈ ಮೇಲೆ. ಉಳಿದದ್ದು ಬೋರ್ಡ್ ಮೇಲೆ.

ಮೈ ಮೇಲೆ ಇರಬೇಕಾದ್ದು: ವಿಷಲ್, ನೀರು ಹೋಗದ ಚೀಲದಲ್ಲಿ ಫೋನ್, ಸಣ್ಣ ಚಾಕು, ಬೆಂಕಿ ಹೊತ್ತಿಸುವ ಸಾಧನ, ಮೈ ಬೆಚ್ಚಗಿಡುವ ತೆಳು ಫಾಯಿಲ್ ಹೊದಿಕೆ. ಊರುಗಳಿಂದ ದೂರದ ನದಿಯಾದರೆ ಫೋನ್‌ಗೆ ಸಿಗ್ನಲ್ ಇರುವುದಿಲ್ಲ. ಅಲ್ಲಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುವ ಪರ್ಸನಲ್ ಲೊಕೇಟರ್ ಬೀಕನ್ ಅಥವಾ ಸ್ಯಾಟಲೈಟ್ ಮೆಸೆಂಜರ್ ಬೇಕು. ದೊಡ್ಡ ಹಡಗು ಓಡಾಡುವ ನೀರಾದರೆ ವಿಎಚ್‌ಎಫ್ ರೇಡಿಯೋ. ಅದರ 16ನೇ ಚಾನೆಲ್ ಆಪತ್ತಿನ ಕರೆಗೆ ಬಳಸುವಂಥದ್ದು. ಇವನ್ನೆಲ್ಲ ಬೋರ್ಡ್‌ನ ಚೀಲದಲ್ಲಿ ಭದ್ರವಾಗಿ ಕಟ್ಟಿಟ್ಟವರನ್ನು ತುಂಬಾ ನೋಡಿದ್ದೇನೆ. ಅವರು ಕೇಳದಿದ್ದರೂ ನಾನು ಹೋಗಿ ಹೇಳುತ್ತೇನೆ.

ಬೋರ್ಡ್ ಮೇಲೆ: ಒಣ ಬಟ್ಟೆ, ಊಟ, ಹೆಚ್ಚಿನ ನೀರು, ಪ್ರಥಮ ಚಿಕಿತ್ಸೆ, ಬಿಡಿಸಿ ಕಟ್ಟಿದ ಇನ್ನೊಂದು ಹುಟ್ಟು, ಒಂದು ಹೆಚ್ಚಿನ ಫಿನ್ (ಬೋರ್ಡ್‌ನ ಅಡಿಯಲ್ಲಿ ಕೂರಿಸುವ ರೆಕ್ಕೆ) ಮತ್ತು ಅದರ ಸ್ಕ್ರೂ. ಆ ಸ್ಕ್ರೂ ಉಗುರಿನಷ್ಟು ಇರುತ್ತದೆ, ಅದಿಲ್ಲದೆ ಫಿನ್ ಕೂರುವುದಿಲ್ಲ. ಎಸೆಯುವ ಹಗ್ಗದ ಚೀಲವೂ ಒಂದಿರಲಿ. ನೀರಲ್ಲಿ ತೇಲುವ 15ರಿಂದ 20 ಮೀಟರ್ ಹಗ್ಗ ಸಾಕು. ಹಗ್ಗ ಇದ್ದಲ್ಲಿ ಚಾಕು ಇರಲೇಬೇಕು. ಚಾಕು ಮೈ ಮೇಲೆ ಬಂದದ್ದು ಇದಕ್ಕೇ. ಬೋರ್ಡ್ ಮೇಲೆ ಯಾವ ಹಗ್ಗದ ತುದಿಯೂ ಸಡಿಲವಾಗಿ ಜೋತಾಡಬಾರದು.

ಬೋರ್ಡ್, ಫಿನ್, ಹುಟ್ಟು

ಇಲ್ಲಿ ಬೇಗ ಮುಗಿಸುತ್ತೇನೆ. ರೇಸ್ ಬೋರ್ಡ್‌ಗಳು ಹೆಚ್ಚಾಗಿ 12 ಅಡಿ 6 ಇಂಚು ಇಲ್ಲವೇ 14 ಅಡಿ ಉದ್ದ. ಅಗಲ ಕಮ್ಮಿಯಾದಷ್ಟೂ ವೇಗ ಜಾಸ್ತಿ, ನಿಜ. ಆದರೆ ಹತ್ತು ಗಂಟೆ ಹೊತ್ತು ಹುಟ್ಟು ಹಾಕಿದ ಮೇಲೆ ಕಾಲು ನಡುಗುತ್ತದೆ. ಬೆಳಗ್ಗೆ ಸಲೀಸಾಗಿ ನಿಂತ ಬೋರ್ಡ್ ಮೇಲೆ ಸಂಜೆ ನಿಲ್ಲಲು ಆಗುವುದಿಲ್ಲ. ದಣಿದಾಗ ಹೇಗೆ ನಿಲ್ಲುತ್ತೀರೋ ಅದನ್ನು ನೋಡಿ ಅಗಲ ಆರಿಸಿ.

ಗಾಳಿ ತುಂಬುವ ಬೋರ್ಡ್ ಬಂಡೆಗೆ ತಾಗಿದರೂ ಸುಲಭಕ್ಕೆ ಒಡೆಯುವುದಿಲ್ಲ. ತಯಾರಕರು ಹೇಳಿದ ಒತ್ತಡ, ಸಾಮಾನ್ಯವಾಗಿ 15ರಿಂದ 20 ಪಿಎಸ್‌ಐ, ತುಂಬಿರಬೇಕು. ಬಿಸಿಲಲ್ಲಿ ತುಂಬಿ ತಣ್ಣನೆ ನೀರಿಗಿಟ್ಟರೆ ಒತ್ತಡ ಇಳಿದು ಬೋರ್ಡ್ ನಡುವೆ ಬಾಗುತ್ತದೆ. ನೀರಿಗಿಟ್ಟ ಮೇಲೆ ಇನ್ನೊಮ್ಮೆ ನೋಡಿ. ಫಿನ್ ಗಿಡ್ಡ ಇರಲಿ, ಹಿಂದಕ್ಕೆ ವಾಲಿದ್ದರೆ ಜೊಂಡು, ಪಾಚಿ ಜಾರಿಹೋಗುತ್ತದೆ. ಆಳವಿಲ್ಲದ ಕಡೆ ಉದ್ದ ಫಿನ್ ನೆಲಕ್ಕೆ ತಗುಲಿದರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ. ಹುಟ್ಟಿನ ಎಲೆ ಚಿಕ್ಕದಾಗಿದ್ದರೆ ಭುಜ ಉಳಿಯುತ್ತದೆ.

ನೀರನ್ನು ಓದುವುದು

ದುಡ್ಡು ಕೊಟ್ಟು ತರಲಾಗದ ಸಲಕರಣೆ ಇದು. ನನಗೆ ಅತಿ ಹೆಚ್ಚು ಸಮಯ ಹಿಡಿದದ್ದೂ ಇದೇ.

ತಿರುವಿನಲ್ಲಿ ಹೊರಬದಿಯ ನೀರು ಆಳ, ವೇಗವೂ ಜಾಸ್ತಿ. ರೇಸ್‌ನಲ್ಲಿ ಎಲ್ಲರ ಕಣ್ಣು ಅದರ ಮೇಲೇ. ಆದರೆ ಅದೇ ನೀರು ದಡವನ್ನು ಕೊರೆಯುತ್ತದೆ, ದಡ ಕುಸಿದಾಗ ಮರಗಳು ಅಲ್ಲೇ ಬೀಳುತ್ತವೆ. ವೇಗ ಇರುವ ಕಡೆಯೇ ಅಪಾಯವೂ ಇದೆ. ಬಿದ್ದ ಮರ ಜರಡಿಯಂತೆ ಕೆಲಸ ಮಾಡುತ್ತದೆ. ನೀರು ಕೊಂಬೆಗಳ ಸಂದಿಯಿಂದ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ತಿರುವಿನ ಆಚೆ ಕಾಣದಿದ್ದರೆ ಹೊರಅಂಚನ್ನು ಬಿಟ್ಟು ನಡುವಿಗೆ ಬನ್ನಿ. ಒಂದೆರಡು ಸೆಕೆಂಡ್ ಹೋಗಬಹುದು. ಹೋಗಲಿ.

ಮುಂದೆ ನೀರಿನ ಮೇಲೆ ವಿ ಆಕಾರ ಕಂಡರೆ ಅದರ ತುದಿ ಯಾವ ಕಡೆ ಇದೆ ನೋಡಿ. ತುದಿ ಹರಿವಿನ ಕಡೆಗಿದ್ದರೆ ಎರಡು ಬಂಡೆಗಳ ನಡುವಿನ ದಾರಿ. ತುದಿ ನಿಮ್ಮ ಕಡೆಗಿದ್ದರೆ ಆ ತುದಿಯಲ್ಲೇ ಬಂಡೆ ಇದೆ.

ತಗ್ಗು ಅಣೆಗಳ, ಅಂದರೆ ನದಿಗೆ ಅಡ್ಡ ಕಟ್ಟಿದ ಗಿಡ್ಡ ಕಟ್ಟೆಗಳ ವಿಷಯ ಬೇರೆಯೇ. ಎತ್ತರ ಮೊಣಕಾಲಿನಷ್ಟೇ ಇರಬಹುದು. ಮೇಲಿನಿಂದ ಬರುವಾಗ ನೀರಿನಲ್ಲಿ ಒಂದು ನೇರ ಗೆರೆ ಕಾಣುತ್ತದೆ, ಅಷ್ಟೇ. ಆದರೆ ಅಣೆಯ ಬುಡದಲ್ಲಿ ಬಿದ್ದ ನೀರು ಹಿಂದಕ್ಕೇ ತಿರುಗಿ ಅಣೆಯ ಕಡೆಗೆ ಸುತ್ತುತ್ತದೆ. ಅದಕ್ಕೆ ಸಿಕ್ಕ ಮನುಷ್ಯನನ್ನೂ ಬೋರ್ಡನ್ನೂ ಮತ್ತೆ ಮತ್ತೆ ಒಳಗೆ ಎಳೆಯುತ್ತದೆ. ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಜಾಕೆಟ್ ಇದ್ದರೂ ತೇಲುವುದು ಕಷ್ಟ. ಭೂಪಟದಲ್ಲಿ ಪ್ರತಿಯೊಂದು ಅಣೆಯನ್ನೂ ಗುರುತು ಮಾಡಿಕೊಳ್ಳಿ. ಸಾಕಷ್ಟು ಮುಂಚೆಯೇ ದಡಕ್ಕೆ ಬಂದು ಬೋರ್ಡ್ ಹೊತ್ತು ದಾಟಿ.

ರೇಸ್‌ನಿಂದ ರೇಸ್‌ಗೆ ಅಪಾಯ ಬದಲಾಗುತ್ತದೆ. ಅಮೆರಿಕದ ಮಿಸೌರಿ ನದಿಯ ಎಂಆರ್340 ರೇಸ್ 340 ಮೈಲಿ, ಸುಮಾರು 547 ಕಿ.ಮೀ. ಅಲ್ಲಿ ದಡದಿಂದ ನದಿಯೊಳಗೆ ಚಾಚಿದ ಕಲ್ಲಿನ ಒಡ್ಡುಗಳಿವೆ, ಸರಕಿನ ದೋಣಿಗಳೂ ಬರುತ್ತವೆ. ಕೆನಡಾದ ಯೂಕಾನ್ ರಿವರ್ ಕ್ವೆಸ್ಟ್ ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಯವರೆಗೆ 700 ಕಿ.ಮೀ.ಗೂ ಹೆಚ್ಚು. ಅದರಲ್ಲಿ ಶುರುವಿನಲ್ಲೇ ಲಬಾರ್ಜ್ ಎಂಬ ಸುಮಾರು 50 ಕಿ.ಮೀ. ಉದ್ದದ ಸರೋವರ ಸಿಗುತ್ತದೆ. ಅಲ್ಲಿ ಹರಿವಿನ ಬದಲು ಗಾಳಿ ಮತ್ತು ಅಲೆಯ ಭಯ. ಮುಂದೆ ನೀರು ರಭಸದಿಂದ ನುಗ್ಗುವ ಫೈವ್ ಫಿಂಗರ್ ರ‍್ಯಾಪಿಡ್ಸ್. ಒಂದೇ ರೇಸ್‌ನಲ್ಲಿ ಎರಡು ಬೇರೆ ಬೇರೆ ಪರೀಕ್ಷೆ.

ದೊಡ್ಡ ಹಡಗು ಬಂದರೆ ದಾರಿ ಬಿಡುವವರು ನಾವೇ. ಅದರ ಮೂತಿಯ ಮುಂದೆ ತುಂಬಾ ದೂರದವರೆಗೆ ಚಾಲಕನಿಗೆ ಏನೂ ಕಾಣುವುದಿಲ್ಲ. ಐದು ಗಿಡ್ಡ ಹಾರ್ನ್ ಕೇಳಿದರೆ, ನಿಮ್ಮ ನಡೆ ಅವರಿಗೆ ಅರ್ಥವಾಗಿಲ್ಲ, ಅಪಾಯ ಇದೆ ಅಂತ. ತಕ್ಷಣ ಹಡಗಿನ ದಾರಿ ಬಿಟ್ಟು ಸರಿಯಿರಿ.

ಬಿದ್ದಾಗ

ಚಪ್ಪಟೆಯಾಗಿ ಬೀಳಿ, ಕಾಲು ಕೆಳಗೆ ಮಾಡಿ ಹಾರಬೇಡಿ. ಮೊದಲು ಬೋರ್ಡ್ ಹತ್ತುವ ಪ್ರಯತ್ನ. ಆಗದಿದ್ದರೆ ಅಂಗಾತ ಮಲಗಿ, ಪಾದ ಹರಿವಿನ ಕಡೆಗೆ ಮಾಡಿ, ಕಾಲ್ಬೆರಳು ನೀರ ಮೇಲೆ ಕಾಣುವಂತೆ ಇಟ್ಟುಕೊಂಡು ದಡದ ಕಡೆಗೆ ಕೈ ಹೊಡೆಯಿರಿ. ರಭಸದ ನೀರಿನಲ್ಲಿ ಎದ್ದು ನಿಲ್ಲಲು ಹೋಗಲೇಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಆಗಲೇ ಹೇಳಿದ ಆ ಭಾರ ನಿಮ್ಮನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ.

ಒಂದೇ ಒಂದು ಸಂದರ್ಭದಲ್ಲಿ ಇದು ತಿರುವುಮುರುವು. ಬಿದ್ದ ಮರ ಮುಂದಿದೆ, ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ ಅಂತಾದರೆ ಮೊದಲು ಲೀಶ್ ಬಿಡಿಸಿ. ಬೋರಲಾಗಿ ತಿರುಗಿ, ತಲೆ ಮುಂದೆ ಮಾಡಿ ಜೋರಾಗಿ ಈಜಿ, ಮರದ ಮೇಲಕ್ಕೆ ಹತ್ತಿ. ಕಾಲು ಮೊದಲು ಹೋದರೆ ಕೊಂಬೆಯ ಕೆಳಗೆ ಸಿಕ್ಕಿಕೊಳ್ಳುತ್ತೀರಿ.

ಚಳಿ

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುವ ಗಾದೆ ಧೈರ್ಯಕ್ಕೆ ಒಳ್ಳೆಯದು, ತಣ್ಣನೆ ನದಿಗೆ ಅಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಿಳಿಸಿಕೊಟ್ಟ 1-10-1 ಸೂತ್ರವನ್ನು ಬಾಯಿಪಾಠ ಮಾಡಿ. ತಣ್ಣನೆ ನೀರಿಗೆ ಬಿದ್ದಾಗ ಉಸಿರು ಹತೋಟಿಗೆ ತರಲು 1 ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಎಚ್ಚರ ತಪ್ಪುವ ಮುಂಚೆ ಸುಮಾರು 1 ಗಂಟೆ. ಆ ಮೊದಲ ನಿಮಿಷದಲ್ಲಿ ಉಸಿರು ತಾನಾಗೇ ಒಳಕ್ಕೆ ಎಳೆದುಕೊಳ್ಳುತ್ತದೆ. ಜಾಕೆಟ್ ಇದ್ದರೆ ಮುಖ ನೀರ ಮೇಲೆ ಇರುತ್ತದೆ. ಬಿಸಿಲು ನೋಡಿ ಬಟ್ಟೆ ಹಾಕಬೇಡಿ, ನೀರಿನ ಶಾಖ ನೋಡಿ ಹಾಕಿ. ಹತ್ತಿ ಬಟ್ಟೆ ಬೇಡ.

ಊಟ, ರಾತ್ರಿ, ನಿದ್ದೆ

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗುತ್ತಿರಲಿ. ಅಭ್ಯಾಸ ಇದ್ದವರು ಗ್ಲುಕೋಸ್ ಮತ್ತು ಫ್ರಕ್ಟೋಸ್ ಬೆರೆಸಿ 90ರವರೆಗೂ ತೆಗೆದುಕೊಳ್ಳುತ್ತಾರೆ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಮಂಕಾಗುತ್ತದೆ, ಹಾಗಾಗಿ ಉಪ್ಪೂ ಬೇಕು. ಬಾಯಾರಿದಷ್ಟು ಕುಡಿಯಿರಿ. ಹೊಸ ತಿಂಡಿ, ಹೊಸ ಜಾಕೆಟ್, ಹೊಸ ಬೂಟು ಯಾವುದನ್ನೂ ರೇಸ್ ದಿನ ಮೊದಲ ಬಾರಿ ಬಳಸಬೇಡಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗುತ್ತದೆ.

ರಾತ್ರಿ ಓಡುವ ರೇಸ್ ಆದರೆ ದೀಪದ ನಿಯಮ ಮುಂಚೆಯೇ ಕೇಳಿಕೊಳ್ಳಿ. ಹೆಡ್‌ಲ್ಯಾಂಪ್‌ಗೆ ಕೆಂಪು ಬೆಳಕಿನ ಆಯ್ಕೆ ಇರಲಿ. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಹೊಡೆದರೆ ಕತ್ತಲೆಗೆ ಮತ್ತೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಕತ್ತಲಲ್ಲಿ ಕಿವಿಯೇ ಕಣ್ಣು. ಬಂಡೆ, ಮರ, ಅಣೆ, ಎಲ್ಲದಕ್ಕೂ ಒಂದು ಸದ್ದಿದೆ. ದಟ್ಟ ಮಂಜು ಇಳಿದರೆ ದಡ ಹತ್ತಿ ಕೂತುಬಿಡಿ.

ನಿದ್ದೆ ಇಲ್ಲದೆ ಎರಡನೇ ರಾತ್ರಿಗೆ ಬಂದವರಿಗೆ ಇಲ್ಲದ್ದು ಕಾಣತೊಡಗುತ್ತದೆ. ಕಂಬ ಮನುಷ್ಯನಂತೆ, ನೆರಳು ದೋಣಿಯಂತೆ. ಆ ಹೊತ್ತಿನಲ್ಲಿ ನಿಮ್ಮ ತೀರ್ಮಾನವನ್ನು ನಂಬಬೇಡಿ. ಅದಕ್ಕೇ ರೇಸ್‌ಗೆ ಮುಂಚೆ, ತಲೆ ಚೆನ್ನಾಗಿದ್ದಾಗ, ದಡದಲ್ಲಿದ್ದು ನಿಮಗೆ ನೆರವಾಗುವ ತಂಡದ ಜೊತೆ ಕೂತು ಬರೆದಿಟ್ಟುಕೊಳ್ಳಿ: ಮಾತು ತೊದಲಿದರೆ, ನಡುಕ ನಿಲ್ಲದಿದ್ದರೆ, ಮುಂದಿನ ಚೆಕ್‌ಪಾಯಿಂಟ್‌ನ ಹೆಸರು ಹೇಳಲು ಆಗದಿದ್ದರೆ ಅಲ್ಲಿಗೆ ನಿಲ್ಲಿಸುವುದು. ಆ ಚೀಟಿ ದಡದವರ ಜೇಬಿನಲ್ಲಿರಲಿ. ನಿಲ್ಲಿಸಿದವರು ಆಯೋಜಕರಿಗೆ ಸುದ್ದಿ ಮುಟ್ಟಿಸದೆ ಮನೆಗೆ ಹೋಗಬಾರದು. ಹೇಳದೆ ಹೋದರೆ, ಬೆಚ್ಚಗೆ ಮಲಗಿರುವ ನಿಮಗಾಗಿ ಇನ್ಯಾರೋ ಕತ್ತಲಲ್ಲಿ ನದಿ ಹುಡುಕುತ್ತಿರುತ್ತಾರೆ.