ಹೂಮಳೆ ಬಿದ್ದ ಗ್ಯಾಲಕ್ಸಿ

ಮಾರ್ಚ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ಚಿಕ್ಕಮಗಳೂರಿನ ತೋಟದವರಿಗೆ ಹೋದ ಜೀವ ಬಂದ ಹಾಗೆ. ಅದು ಹೂಮಳೆ. ವಾರ, ಹತ್ತು ದಿನದಲ್ಲಿ ಕಾಫಿ ಗಿಡಗಳೆಲ್ಲ ಮಾತಾಡಿಕೊಂಡಂತೆ ಒಟ್ಟಿಗೇ ಅರಳುತ್ತವೆ. ರೆಂಬೆಯ ಗೆಣ್ಣುಗೆಣ್ಣಿಗೂ ಬಿಳಿ ಗೊಂಚಲು, ಮಲ್ಲಿಗೆಯಂಥ ಘಮ. ಎರಡು ಮೂರು ದಿನ, ಅಷ್ಟೆ.

ಅಂಥ ಒಂದು ರಾತ್ರಿ, ಹತ್ತು ಗಂಟೆ ಹೊತ್ತಿಗೆ, ಕಾಫಿ ಕಣದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಬೆಳದಿಂಗಳು ಇರಬಾರದು. ಸಪ್ತರ್ಷಿ ಮಂಡಲದ ಚೌಕದ ಎಡಕ್ಕೆ, ಸ್ವಲ್ಪ ಕೆಳಗೆ ಬೈನಾಕ್ಯುಲರ್ ಹಿಡಿದು ನಿಧಾನವಾಗಿ ಹುಡುಕಿದರೆ ಒಂದು ಮಸುಕು ಗೀರು ಸಿಗುತ್ತದೆ. ಸೀಮೆಸುಣ್ಣದಲ್ಲಿ ಎಳೆದು ಅರ್ಧ ಒರೆಸಿದ ಹಾಗೆ. ಅದೇ ಎಂ82. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ. ಜರ್ಮನಿಯ ಖಗೋಳ ವಿಜ್ಞಾನಿ ಯೋಹಾನ್ ಬೋಡೆ 1774ರಲ್ಲಿ ಇದನ್ನು ಮೊದಲು ಗುರುತಿಸಿದರು.

ಅಲ್ಲೂ ಈಗ ಹೂವಿನ ಕಾಲ. ಪಕ್ಕದ ದೊಡ್ಡ ಗ್ಯಾಲಕ್ಸಿ ಎಂ81 ಹತ್ತಿರ ಹಾದುಹೋದಾಗ ಅದರ ಸೆಳೆತಕ್ಕೆ ಎಂ82ರ ಅನಿಲವೆಲ್ಲ ಕಲಕಿಹೋಗಿ ನಡುಭಾಗಕ್ಕೆ ಜಾರಿ ಬಿತ್ತು. ಒತ್ತೊತ್ತಾಗಿ ಸೇರಿದ ತಣ್ಣನೆಯ ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕುಸಿದಷ್ಟೂ ಬಿಸಿ. ಒಳಗಿನ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗಿದರೆ ಅಲ್ಲಿಗೆ ಒಂದು ನಕ್ಷತ್ರ ಹುಟ್ಟಿತು. ನಮ್ಮ ಆಕಾಶಗಂಗೆಯಲ್ಲಿ ಇಡೀ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ಹೀಗೆ ನಕ್ಷತ್ರವಾಗುತ್ತದೆ. ಎಂ82 ನಮ್ಮದಕ್ಕಿಂತ ಎಷ್ಟೋ ಚಿಕ್ಕದು, ಆದರೂ ಅಲ್ಲಿ ಇದು ಹತ್ತಿರಹತ್ತಿರ ಹತ್ತು ಪಟ್ಟು ಜಾಸ್ತಿ. ಅದೂ ಬಹುಪಾಲು ನಡುಭಾಗದಲ್ಲೇ! ಹಬಲ್ ದೂರದರ್ಶಕ ಅಲ್ಲಿ ನೂರಕ್ಕೂ ಹೆಚ್ಚು ಎಳೆಯ ನಕ್ಷತ್ರಗಳ ಗೊಂಚಲುಗಳನ್ನು ಕಂಡಿದೆ.

ಆದರೆ ಈ ತೊಟ್ಟಿಲನ್ನು ಇಣುಕಿ ನೋಡುವುದು ಸುಲಭವಲ್ಲ. ಸುತ್ತ ದಟ್ಟ ಧೂಳು. ಕಣ್ಣಿಗೆ ಕಾಣುವ ಬೆಳಕು ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ಇನ್ಫ್ರಾರೆಡ್ ಬೆಳಕು ನುಸುಳಿ ಬರುತ್ತದೆ. ಜೇಮ್ಸ್ ವೆಬ್ ದೂರದರ್ಶಕ ಹಿಡಿಯುವುದು ಆ ಬೆಳಕನ್ನೇ. 2024ರಲ್ಲಿ ಬಂದ ಅದರ ಚಿತ್ರದಲ್ಲಿ ನಡುಭಾಗ ಚುಕ್ಕೆಚುಕ್ಕೆಯಾಗಿ ಬಿಡಿಸಿಕೊಂಡಿತು.

ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ಮಾತ್ರ ಬೇರೆ ವಿಷಯ. ಹೊಸ ನಕ್ಷತ್ರಗಳಲ್ಲಿ ತೀರಾ ದೊಡ್ಡವು ಬಿರುಗಾಳಿಯಂತೆ ಅನಿಲ ಕಾರುತ್ತವೆ, ಕೊನೆಗೆ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಆ ರಭಸಕ್ಕೆ, ಮುಂದೆ ನಕ್ಷತ್ರವಾಗಬೇಕಿದ್ದ ಅನಿಲವೇ ಗ್ಯಾಲಕ್ಸಿಯಿಂದ ಆಚೆ ಚಿಮ್ಮುತ್ತದೆ. ಫೋಟೋಗಳಲ್ಲಿ ಮೇಲಕ್ಕೂ ಕೆಳಕ್ಕೂ ಹರಡಿದ ಕೆಂಪು ಎಳೆಗಳು ಕಾಣುತ್ತವಲ್ವಾ, ಅವು ಅದೇ. ಕಾಫಿ ಗಿಡ ಬರುವ ವರ್ಷ ಮತ್ತೆ ಅರಳುತ್ತದೆ. ಅಲ್ಲಿ ಅನಿಲ ಮುಗಿದರೆ ಹೂವೂ ಮುಗಿಯಿತು.

ಅಷ್ಟು ದೊಡ್ಡ ನಕ್ಷತ್ರಗಳ ಆಯಸ್ಸು ಕೆಲವೇ ದಶಲಕ್ಷ ವರ್ಷ. ನಮ್ಮ ಬೈನಾಕ್ಯುಲರ್‌ಗೆ ಇವತ್ತು ಬೀಳುವ ಬೆಳಕು ಹೊರಟು 1.2 ಕೋಟಿ ವರ್ಷ ಆಗಿದೆ. ಕಣದಲ್ಲಿ ನಿಂತು ನಾವು ನೋಡುವ ಆ ಎಳೆಯ ದೈತ್ಯರು ಸಿಡಿದುಹೋಗಿ ಎಷ್ಟೋ ಕಾಲವಾಗಿದೆ.