ಅದೇ ಇಬ್ಬರು, ಅದೇ ಧ್ವನಿ; ಆಲ್ಬಂ ಮಾತ್ರ ಬೇರೆಯಾದದ್ದು ಏಕೆ?

ಪ್ರಶ್ನೆ: ಕ್ಯಾನಿಬಲ್ ಆಕ್ಸ್ ಎಂಬ ರ‍್ಯಾಪ್ ಜೋಡಿಯ ‘ದಿ ಕೋಲ್ಡ್ ವೇನ್’ ನನ್ನ ಅಚ್ಚುಮೆಚ್ಚಿನ ಆಲ್ಬಂ. ವರ್ಷಗಳ ನಂತರ ಅದೇ ಇಬ್ಬರು ಮತ್ತೆ ಸೇರಿ ಮಾಡಿದ ‘ಬ್ಲೇಡ್ ಆಫ್ ದಿ ರೋನಿನ್’ ಕೇಳಿದರೆ ಆ ಅನುಭವ ಆಗುವುದೇ ಇಲ್ಲ. ಅವರ ಕಸುವು ಕುಂದಿತೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಕಸುವು ಕುಂದಿಲ್ಲ. ನೀವು ಹುಡುಕುತ್ತಿರುವುದು ಆ ಇಬ್ಬರನ್ನಲ್ಲ, ಹೆಸರು ಕಾಣಿಸದ ಮೂರನೆಯವರೊಬ್ಬರನ್ನು.

ನ್ಯೂಯಾರ್ಕಿನ ಹಾರ್ಲೆಮ್‌ನ ವಾಸ್ಟ್ ಏರ್ ಮತ್ತು ವೋರ್ಡಲ್ ಮೆಗಾ 2001ರಲ್ಲಿ ಈ ಮೊದಲ ಆಲ್ಬಂ ತಂದಾಗ ಅದರ ಬೀಟ್‌ಗಳನ್ನೆಲ್ಲ, ಅಂದರೆ ಸಾಲುಗಳ ಹಿಂದೆ ನುಡಿಯುವ ಸಂಗೀತವನ್ನೆಲ್ಲ, ಮಾಡಿದವರು ಎಲ್-ಪಿ ಎಂಬವರು. ಆಲ್ಬಂ ಹೊರತಂದ ಡೆಫಿನಿಟಿವ್ ಜಕ್ಸ್ ಎಂಬ ಪುಟ್ಟ ಲೇಬಲ್ (ಧ್ವನಿಮುದ್ರಿಕೆ ಕಂಪನಿ) ಕೂಡ ಅವರದೇ. ಆ ಬೀಟ್‌ಗಳನ್ನು ಇನ್ನೊಮ್ಮೆ ಗಮನವಿಟ್ಟು ಕೇಳಿ. ಸಿಂಥಸೈಜರ್ ಕೊರೆಯುವ ಚಳಿಯಂತೆ ಹಿನ್ನೆಲೆಯಲ್ಲಿ ಎಳೆಯುತ್ತಲೇ ಇರುತ್ತದೆ, ಡ್ರಮ್ ಒರಟಾಗಿ ಬಂದು ಬೀಳುತ್ತದೆ, ಮಾಧುರ್ಯ ಇಣುಕಿದ ಮರುಕ್ಷಣವೇ ಕರ್ಕಶ ಸದ್ದೊಂದು ಅದನ್ನು ನುಂಗುತ್ತದೆ. ವಾಸ್ಟ್ ಏರ್ ನಿಧಾನವಾಗಿ, ಒಂದೊಂದು ಪದವನ್ನೂ ತೂಗಿ ಇಡುವವರು. ವೋರ್ಡಲ್ ಪ್ರಾಸದೊಳಗೆ ಪ್ರಾಸ ಹೆಣೆಯುತ್ತ, ತಮ್ಮಷ್ಟಕ್ಕೆ ಹೇಳಿಕೊಳ್ಳುವವರಂತೆ ಸಾಗುವವರು. ನಗರದ ಬಡತನ, ಪಾರಿವಾಳಗಳು, ಹಸಿವು ಎಲ್ಲವೂ ಅವರ ಸಾಲುಗಳಲ್ಲಿವೆ. ಆದರೆ ಆ ನಗರಕ್ಕೆ ಆಕಾಶ, ಬೀದಿ, ಹವಾಮಾನ ಕೊಟ್ಟದ್ದು ಎಲ್-ಪಿ.

ನಮ್ಮ ಚಿತ್ರಗೀತೆಗಳನ್ನೇ ನೋಡಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ರಾಜನ್-ನಾಗೇಂದ್ರ ಸಂಗೀತದಲ್ಲಿ ಹಾಡಿದ್ದೊಂದು, ಹಂಸಲೇಖ ಸಂಗೀತದಲ್ಲಿ ಹಾಡಿದ್ದೊಂದು ಒಂದರ ಹಿಂದೊಂದು ಕೇಳಿದರೆ ಕಂಠ ಒಂದೇ, ಲೋಕ ಎರಡು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ‘ಸಂಗೀತ’ ಎಂದು ಹೆಸರು ಹಾಕುವ ರೂಢಿ ಇದೆ, ನಾವು ಅದನ್ನು ನೋಡಿಯೇ ಬೆಳೆದವರು. ರ‍್ಯಾಪ್ ಜೋಡಿಯ ಆಲ್ಬಂ ಮುಖಪುಟದಲ್ಲಿ ಸಾಮಾನ್ಯವಾಗಿ ಹಾಡುವವರ ಹೆಸರು ಮಾತ್ರ ದೊಡ್ಡದಾಗಿರುತ್ತದೆ. ಇದು ಬೀಟ್ ಮಾಡುವವರಿಗೆ ಆಗುವ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

2010ರಲ್ಲಿ ಡೆಫಿನಿಟಿವ್ ಜಕ್ಸ್ ಕೆಲಸ ನಿಲ್ಲಿಸಿತು. 2013ರಿಂದ ಎಲ್-ಪಿ, ರ‍್ಯಾಪರ್ ಕಿಲ್ಲರ್ ಮೈಕ್ ಜೊತೆ ‘ರನ್ ದ ಜ್ಯುವೆಲ್ಸ್’ ಎಂಬ ಜೋಡಿ ಕಟ್ಟಿಕೊಂಡು ಆ ಕಡೆ ನಡೆದರು. 2015ರಲ್ಲಿ ಕ್ಯಾನಿಬಲ್ ಆಕ್ಸ್ ಮರಳಿದಾಗ ಹೆಚ್ಚಿನ ಬೀಟ್‌ಗಳು ಬಿಲ್ ಕಾಸ್ಮಿಕ್ ಅವರವು. ಅವು ನೇರವಾದ, ಹಳೆಯ ನ್ಯೂಯಾರ್ಕ್ ಮಾದರಿಗೆ ಹತ್ತಿರವಾದ ಬೀಟ್‌ಗಳು; ತಪ್ಪು ಹುಡುಕುವಂಥವಲ್ಲ. ಇಪ್ಪತ್ತರ ಹರೆಯದ ಕಳವಳ ಹದಿನಾಲ್ಕು ವರ್ಷಗಳ ನಂತರ ಹಾಗೆಯೇ ಉಳಿದಿರುವುದಿಲ್ಲ ಎಂಬುದೂ ನಿಜ. ಆದರೂ ವಾಸ್ಟ್ ಏರ್ ಅವರ ಹಿಡಿತ ಎಲ್ಲಿಯೂ ಸಡಿಲವಾಗಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಒಮ್ಮೆ ಕೇಳಿ ನೋಡಿ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಗ್ಯಾಂಗ್ ಸ್ಟಾರ್: ‘ಗುರು’ ಎಂಬ ಹೆಸರಿನ ರ‍್ಯಾಪರ್ ಮತ್ತು ಬೀಟ್ ಮಾಡುವ ಡಿಜೆ ಪ್ರೀಮಿಯರ್ ಅವರ ಜೋಡಿ. ಗುರು 2010ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಧ್ವನಿಮುದ್ರಣಗಳನ್ನು ಇಟ್ಟುಕೊಂಡು ಡಿಜೆ ಪ್ರೀಮಿಯರ್ 2019ರಲ್ಲಿ ‘ಒನ್ ಆಫ್ ದ ಬೆಸ್ಟ್ ಯೆಟ್’ ಕಟ್ಟಿದರು. ಅದಕ್ಕೂ ಹಿಂದಿನ ಆಲ್ಬಂ ಬಂದದ್ದು 2003ರಲ್ಲಿ. ಜೋಡಿಯಲ್ಲಿ ಒಬ್ಬರೇ ಇಲ್ಲ, ಆದರೂ ಮೊದಲ ನಿಮಿಷದಲ್ಲೇ ಇದು ಗ್ಯಾಂಗ್ ಸ್ಟಾರ್ ಎಂದು ಗೊತ್ತಾಗುತ್ತದೆ, ಗಂಟಲು ಕಟ್ಟುತ್ತದೆ. ಬೀಟ್ ಮಾಡುವವರೇ ಆ ಜೋಡಿಯ ಒಂದರ್ಧ ಆಗಿದ್ದರು ಎಂಬುದೇ ಇದಕ್ಕೆ ಕಾರಣ.

ಬ್ಲ್ಯಾಕ್ ಸ್ಟಾರ್ ಎಂಬ ಇನ್ನೊಂದು ರ‍್ಯಾಪ್ ಜೋಡಿ ಹಿಡಿದ ದಾರಿ ಇನ್ನೂ ಬೇರೆ. 1998ರ ಅವರ ಮೊದಲ ಆಲ್ಬಂನ ಬೆಚ್ಚನೆಯ ಸದ್ದಿನ ಹಿಂದೆ ಮುಖ್ಯವಾಗಿ ಇದ್ದವರು ಹೈ-ಟೆಕ್. ಯಾಸಿನ್ ಬೇ (ಆಗ ಮೋಸ್ ಡೆಫ್) ಮತ್ತು ತಾಲಿಬ್ ಕ್ವೆಲಿ 2022ರಲ್ಲಿ ‘ನೋ ಫಿಯರ್ ಆಫ್ ಟೈಮ್’ ಮಾಡಿದಾಗ ಹಳೆಯ ಸದ್ದನ್ನು ಅನುಕರಿಸಲು ಹೋಗಲಿಲ್ಲ. ಬೀಟ್‌ಗಳ ಹೊಣೆಯನ್ನು ಮ್ಯಾಡ್‌ಲಿಬ್ ಅವರಿಗೆ ವಹಿಸಿದರು, ಪಾಡ್‌ಕಾಸ್ಟ್ ವೇದಿಕೆಯೊಂದರಲ್ಲಿ ಬಿಡುಗಡೆ ಮಾಡಿದರು. ಇಪ್ಪತ್ತನಾಲ್ಕು ವರ್ಷ ಕಾದವರಲ್ಲಿ ಹಲವರಿಗೆ ನಿರಾಸೆಯಾಯಿತು. ನನಗೆ ಆ ನಿರ್ಧಾರ ಹಿಡಿಸಿತು: ಸಿಗದ ಮೂರನೆಯವರ ಜಾಗದಲ್ಲಿ ಅವರಂತೆಯೇ ಬೀಟ್ ಮಾಡುವವರನ್ನು ಕೂರಿಸುವುದಕ್ಕಿಂತ ಅಷ್ಟೇ ಗಟ್ಟಿಯಾದ ಬೇರೊಬ್ಬರನ್ನು ಕರೆಯುವುದು ಮೇಲು.

ಬೆಂಗಳೂರಿನ ಕೇಳುಗರಿಗೆ ಇದು ದೂರದ ಸಂಗತಿಯಲ್ಲ. 2024ರಲ್ಲಿ ರ‍್ಯಾಪರ್ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ ಜಗತ್ತೆಲ್ಲ ಸುತ್ತಿದಾಗ ಬೀಟ್ ಮಾಡಿದ ಕಲ್ಮಿ ಅವರ ಹೆಸರೂ ಹಾಡಿನ ಜೊತೆಗೇ ಇತ್ತು. ಅದನ್ನು ಕಂಡು ಸಂತೋಷವಾಯಿತು. ನಮ್ಮ ಊರಿನ ರ‍್ಯಾಪರ್‌ಗಳಾದ ಬ್ರೋಧಾ ವಿ ಮತ್ತು ಸ್ಮೋಕಿ ದ ಘೋಸ್ಟ್ ಒಂದು ಕಾಲಕ್ಕೆ ‘ಮಚ್ಚಾಸ್ ವಿತ್ ಆಟಿಟ್ಯೂಡ್’ ತಂಡದಲ್ಲಿ ಜೊತೆಗಿದ್ದವರು. ನಾಳೆ ಅವರು ಮತ್ತೆ ಕೂಡಿ ಆಲ್ಬಂ ಮಾಡುತ್ತಾರೆಂಬ ಸುದ್ದಿ ಬಂದರೆ, ನಾನು ಮೊದಲು ಕೇಳುವುದು ಬೀಟ್ ಯಾರದು ಎಂದೇ.