‘ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ’: ಶಿಲುಬೆಯ ಮೇಲಿದ್ದ ಕಳ್ಳನು ಅಂದೇ ಪರಲೋಕಕ್ಕೆ ಹೋದನೇ?

ಪ್ರಶ್ನೆ: ಸತ್ತವರು ಪುನರುತ್ಥಾನದ ತನಕ ನಿದ್ರೆಯಲ್ಲಿರುತ್ತಾರೆಂದು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಸಭೆಯವರಾದ ನೀವು ಬೋಧಿಸುತ್ತೀರಿ. ಹಾಗಾದರೆ ಲೂಕ 23:43ರಲ್ಲಿ ಯೇಸು ತನ್ನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ, ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ (ಪರದೈಸು ಎಂದರೆ ದೇವರ ಆನಂದವನ) ಎಂದು ಹೇಳಿದ್ದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ: ನಮ್ಮ ಬೋಧನೆಯನ್ನು ಒಪ್ಪದವರು ಮೊದಲು ತೆರೆದು ತೋರಿಸುವ ವಚನ ಇದು. ಮೇಲುನೋಟಕ್ಕೆ ಇದು ಅವರ ಪಕ್ಷದಲ್ಲೇ ಇರುವುದರಿಂದ, ಅವಸರದಲ್ಲಿ ಕೊಡುವ ಉತ್ತರ ಯಾರಿಗೂ ಸಮಾಧಾನ ತಾರದು. ಆದಕಾರಣ ಪದಪದವಾಗಿ ನೋಡೋಣ.

ಮೊದಲು ಕಳ್ಳನು ಕೇಳಿಕೊಂಡದ್ದೇನು? ಹಿಂದಿನ ವಚನದಲ್ಲಿ ಅವನು, ನೀನು ನಿನ್ನ ರಾಜ್ಯವನ್ನು ಪಡೆದು ಬರುವಾಗ ನನ್ನನ್ನು ನೆನಸಿಕೋ ಎಂದು ಬೇಡುತ್ತಾನೆ. ಅವನು ಎದುರುನೋಡಿದ್ದು ಯೇಸು ಅರಸನಾಗಿ ಬರುವ ದಿನವನ್ನು. ಮನುಷ್ಯಕುಮಾರನು ತನ್ನ ಮಹಿಮೆಯ ಸಿಂಹಾಸನದಲ್ಲಿ ಕೂತುಕೊಳ್ಳುವುದು ಸಕಲ ದೇವದೂತರೊಡನೆ ಬಂದಾಗ ಎಂದು ಮತ್ತಾಯ 25:31 ತಿಳಿಸುತ್ತದೆ. ಆ ದಿನ ತನ್ನ ಹೆಸರು ಮರೆತುಹೋಗದಿರಲಿ ಎಂಬಷ್ಟೇ ಅವನ ಆಸೆ.

ಇನ್ನು ಯೇಸುವಿನ ಮಾತು. ಲೂಕನ ಗ್ರೀಕ್ ವಾಕ್ಯದ ಪದಗಳನ್ನು ಅದೇ ಕ್ರಮದಲ್ಲಿ ಇಟ್ಟರೆ ಹೀಗಾಗುತ್ತದೆ: ‘ಆಮೆನ್ (ಸತ್ಯವಾಗಿ) – ನಿನಗೆ – ಹೇಳುತ್ತೇನೆ – ಈಹೊತ್ತು – ನನ್ನ ಸಂಗಡ – ಇರುವಿ – ಪರದೈಸಿನಲ್ಲಿ.’ ‘ಈಹೊತ್ತು’ ಎಂಬ ಅರ್ಥದ ‘ಸೇಮೆರೊನ್’ ಪದವು ‘ಹೇಳುತ್ತೇನೆ’ ಮತ್ತು ‘ಇರುವಿ’ ಎಂಬ ಎರಡು ಕ್ರಿಯಾಪದಗಳ ನಡುವೆ ನಿಂತಿದೆ. ಹೇಳುವುದು ಈಹೊತ್ತೋ, ಇರುವುದು ಈಹೊತ್ತೋ ಎಂಬುದನ್ನು ಪದಗಳ ಸಾಲೊಂದೇ ನಿರ್ಣಯಿಸುವುದಿಲ್ಲ. ಗ್ರೀಕ್ ಬೈಬಲಿನ 4ನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳನ್ನು ಪದಗಳ ನಡುವೆ ಜಾಗ ಬಿಡದೆ, ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆಯಲಾಗಿದೆ. ಇಂದು ನಾವು ಬಳಸುವ ವಿರಾಮಚಿಹ್ನೆಗಳ ಪದ್ಧತಿ ಆಗ ಇರಲಿಲ್ಲ. ನಮ್ಮ ಮುದ್ರಿತ ಬೈಬಲಿನ ಅಲ್ಪವಿರಾಮಗಳೆಲ್ಲ ನಂತರದವರು ತಮ್ಮ ತಿಳಿವಳಿಕೆಗೆ ತಕ್ಕಂತೆ ಇಟ್ಟವು. (ಹೊಸ ಒಡಂಬಡಿಕೆಯ ವಚನಸಂಖ್ಯೆಗಳು ಕೂಡ 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನು ಹಾಕಿದವು.)

ಕನ್ನಡದಲ್ಲಿ ಓದುವವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಗ್ರೀಕಿನಲ್ಲಿ ನಡುವೆ ನಿಂತ ಪದವನ್ನು ನಡುವೆಯೇ ಬಿಡುವುದು ನಮ್ಮ ಭಾಷೆಯಲ್ಲಿ ಸಾಧ್ಯವಿಲ್ಲ. ‘ಈಹೊತ್ತು’ ಎಂಬುದು ‘ಎಂದು’ ಎಂಬ ಬೇಲಿಯ ಒಳಗೆ ಬಂದರೆ ಪರದೈಸಿಗೆ ಸೇರುತ್ತದೆ, ಹೊರಗೆ ಬಂದರೆ ಹೇಳುವ ಕ್ರಿಯೆಗೆ ಸೇರುತ್ತದೆ. ‘ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದು ನಿನಗೆ ಸತ್ಯವಾಗಿ ಹೇಳುತ್ತೇನೆ’ ಎಂಬುದು ಒಂದು ಆಯ್ಕೆ. ‘ನನ್ನ ಸಂಗಡ ಪರದೈಸಿನಲ್ಲಿರುವಿ ಎಂದು ಈಹೊತ್ತು ನಿನಗೆ ಸತ್ಯವಾಗಿ ಹೇಳುತ್ತೇನೆ’ ಎಂಬುದು ಇನ್ನೊಂದು. ಅದರ ಮೇಲೆ ‘ಈಹೊತ್ತೇ’ ಎಂಬಲ್ಲಿ ಬರುವ ‘ಏ’ ಕಾರಕ್ಕೆ ನೇರವಾಗಿ ಸಮನಾದ ಪ್ರತ್ಯಯ ಮೂಲದಲ್ಲಿಲ್ಲ. ಆ ಒಂದು ಸ್ವರದ ಮೇಲೆ ಎಷ್ಟೋ ಜನರ ನಂಬಿಕೆ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ಅನುವಾದವೆಂಬ ಕೆಲಸದ ಭಾರ ಅರಿವಾಗುತ್ತದೆ.

ಎರಡನೆಯ ಓದು ಈ ಒಂದು ವಚನಕ್ಕಾಗಿ ಹುಟ್ಟಿಸಿಕೊಂಡದ್ದಲ್ಲ. ಗಂಭೀರವಾದ ಮಾತಿಗೆ ‘ಈಹೊತ್ತು’ ಎಂದು ದಿನದ ಮುದ್ರೆ ಒತ್ತುವುದು ಸತ್ಯವೇದದಲ್ಲಿ ರೂಢಿಯಾಗಿರುವ ರೀತಿ. ಧರ್ಮೋಪದೇಶಕಾಂಡ 30:18ರಲ್ಲಿ ಮೋಶೆಯು, ನೀವು ನಾಶವಾಗಿಹೋಗುವಿರೆಂದು ಈಹೊತ್ತು ನಿಮಗೆ ತಿಳಿಸುತ್ತೇನೆ ಎನ್ನುತ್ತಾನೆ; ಹೇಳಿದ್ದು ಆ ದಿನ, ನಾಶವು ಮುಂದಿನ ಮಾತು. ಅಪೊಸ್ತಲರ ಕೃತ್ಯಗಳು 20:26ರಲ್ಲಿ ಪೌಲನೂ ಎಫೆಸದ ಸಭೆಯ ಹಿರಿಯರ ಮುಂದೆ ಹೀಗೆಯೇ ಆ ದಿನವನ್ನು ಹೆಸರಿಸಿ ಸಾಕ್ಷಿ ಹೇಳುತ್ತಾನೆ. ಕ್ಯುರೆಟೋನಿಯನ್ ಎಂದು ಹೆಸರಾದ ಪ್ರಾಚೀನ ಸಿರಿಯಾಕ್ ಸುವಾರ್ತೆಗಳ ಪ್ರತಿಯಲ್ಲಿ ಲೂಕನ ಈ ವಚನವೇ ‘ಈಹೊತ್ತು ನಿನಗೆ ಹೇಳುತ್ತೇನೆ’ ಎಂಬ ಅರ್ಥ ಬರುವಂತೆ ಇದೆ.

ಪ್ರತಿವಾದವನ್ನು ಮುಚ್ಚಿಡಬಾರದು. ‘ಆಮೆನ್, ನಿಮಗೆ ಹೇಳುತ್ತೇನೆ’ ಎಂಬ ಮಾತನ್ನು ಯೇಸು ಸುವಾರ್ತೆಗಳಲ್ಲಿ ಅನೇಕ ಸಾರಿ ಆಡಿದ್ದರೂ ಬೇರೆಲ್ಲಿಯೂ ಅದಕ್ಕೆ ‘ಈಹೊತ್ತು’ ಎಂಬುದನ್ನು ಸೇರಿಸಿಲ್ಲವೆಂದು ವಿದ್ವಾಂಸರು ತೋರಿಸುತ್ತಾರೆ. ಬಹುಪಾಲು ಅನುವಾದಗಳು ಮೊದಲನೆಯ ಓದನ್ನೇ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. ಇದು ತೂಕವುಳ್ಳ ಮಾತು. ವ್ಯಾಕರಣವೊಂದರಿಂದಲೇ ನಾವು ಗೆದ್ದೆವೆಂದು ಹೇಳುವ ಅಡ್ವೆಂಟಿಸ್ಟ್ ಬೋಧಕರು ಹೇಳಬಾರದಷ್ಟನ್ನು ಹೇಳುತ್ತಿದ್ದಾರೆ. ವ್ಯಾಕರಣವು ಎರಡೂ ಬಾಗಿಲುಗಳನ್ನು ತೆರೆದಿಡುತ್ತದೆ. ಯಾವುದರಲ್ಲಿ ಹೋಗಬೇಕೆಂಬುದನ್ನು ಸತ್ಯವೇದದ ಉಳಿದ ಭಾಗವೇ ತೋರಿಸಬೇಕು.

ಅದನ್ನು ತೋರಿಸುವ ವಚನ ಯೋಹಾನ 20:17. ಭಾನುವಾರದ ಬೆಳಿಗ್ಗೆ, ಸಮಾಧಿಯ ಬಳಿ ಮಗ್ದಲದ ಮರಿಯಳಿಗೆ ಯೇಸು, ನಾನು ಇನ್ನೂ ತಂದೆಯ ಬಳಿಗೆ ಏರಿಹೋಗಲಿಲ್ಲ ಎಂದು ಹೇಳುತ್ತಾನೆ. ಪರದೈಸು ಎಲ್ಲಿದೆ? ಪ್ರಕಟನೆ 2:7ರ ಪ್ರಕಾರ ಜೀವವೃಕ್ಷವಿರುವುದು ದೇವರ ಪರದೈಸಿನಲ್ಲಿ. ಅದೇ ಪುಸ್ತಕದ 22ನೆಯ ಅಧ್ಯಾಯದಲ್ಲಿ ಆ ವೃಕ್ಷವು ದೇವರ ಸಿಂಹಾಸನದಿಂದ ಹೊರಡುವ ನದಿಯ ದಡದಲ್ಲಿದೆ. ತಂದೆಯ ಸಿಂಹಾಸನವಿರುವಲ್ಲಿಗೆ ಯೇಸುವೇ ಶುಕ್ರವಾರ ಹೋಗಿರದಿದ್ದರೆ, ಕಳ್ಳನು ಆ ದಿನ ಅವನ ‘ಸಂಗಡ’ ಅಲ್ಲಿದ್ದದ್ದು ಹೇಗೆ? ಶರೀರದಲ್ಲಿ ಮಾತ್ರ ಏರಿಹೋಗಲಿಲ್ಲ, ಆತ್ಮದಲ್ಲಿ ಹೋಗಿದ್ದನು ಎಂದು ಕೆಲವರು ಉತ್ತರಿಸುತ್ತಾರೆ. ಆದರೆ ಯೇಸು ಆ ಭೇದವನ್ನು ಮಾಡಲಿಲ್ಲ. ‘ನಾನು’ ಎಂದಷ್ಟೇ ಹೇಳಿದನು.

ನಮ್ಮವರಲ್ಲಿ ಕೆಲವರು ಕೊಡುವ ಇನ್ನೊಂದು ವಾದವಿದೆ. ಯೋಹಾನ 19:31-33ರಂತೆ ಸಬ್ಬತ್ ಎಂಬ ಯೆಹೂದ್ಯರ ವಿಶ್ರಾಂತಿದಿನ ಹತ್ತಿರವಾದಾಗ ಇಬ್ಬರು ಕಳ್ಳರೂ ಇನ್ನೂ ಬದುಕಿದ್ದರು, ಸಿಪಾಯಿಗಳು ಅವರ ಕಾಲುಗಳನ್ನು ಮುರಿದರು. ಆದ್ದರಿಂದ ಅವನು ಅಂದು ಸಾಯಲೇ ಇಲ್ಲ ಎಂದು ಅವರು ಹೇಳುತ್ತಾರೆ. ಇದನ್ನು ನಾನು ಬಳಸುವುದಿಲ್ಲ. ಕಾಲು ಮುರಿಯುತ್ತಿದ್ದುದು ಸಾವನ್ನು ಬೇಗ ತರುವುದಕ್ಕಾಗಿಯೇ.

ಮರಣವನ್ನು ನಿದ್ರೆಯೆಂದು ಕರೆದವನು ಯೇಸುವೇ. ಲಾಜರನು ನಿದ್ರೆಮಾಡುತ್ತಾನೆ ಎಂದು ಹೇಳಿ, ಶಿಷ್ಯರಿಗೆ ತಿಳಿಯದಿದ್ದಾಗ, ಲಾಜರನು ಸತ್ತುಹೋದನು ಎಂದು ಬಿಡಿಸಿ ಹೇಳಿದನು (ಯೋಹಾನ 11:11-14). ಸತ್ತವರಿಗೆ ಯಾವ ತಿಳಿವಳಿಕೆಯೂ ಇಲ್ಲವೆಂದು ಪ್ರಸಂಗಿ 9:5 ಹೇಳುತ್ತದೆ. ದಾವೀದನು ಪರಲೋಕಕ್ಕೆ ಏರಿಹೋಗಲಿಲ್ಲವೆಂದು ಪೇತ್ರನು ಪಂಚಾಶತ್ತಮದ ದಿನ ಸಾರಿದನು (ಅಪೊಸ್ತಲರ ಕೃತ್ಯಗಳು 2:34). ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ 28 ಮೂಲ ನಂಬಿಕೆಗಳಲ್ಲಿ ಮರಣ ಮತ್ತು ಪುನರುತ್ಥಾನದ ಕುರಿತಾದ 26ನೆಯದು ಇಂಥ ವಚನಗಳ ಮೇಲೆ ನಿಂತಿದೆ. ಇದಕ್ಕೆ ವಿರುದ್ಧವಾಗಿ ತೋರಿಸಲಾಗುವ ಲೂಕ 16ರ ಐಶ್ವರ್ಯವಂತನ ಸಾಮ್ಯವನ್ನೂ ಫಿಲಿಪ್ಪಿ 1:23ನ್ನೂ ಪ್ರತ್ಯೇಕವಾಗಿಯೇ ಓದಬೇಕು.

ಹಾಗಿದ್ದರೆ ಯೇಸು ‘ಈಹೊತ್ತು’ ಎಂದು ಹೇಳಿದ್ದೇಕೆ? ಆ ದಿನ ಅವನ ತಲೆಯ ಮೇಲಿದ್ದದ್ದು ಮುಳ್ಳಿನ ಕಿರೀಟ. ಹಿಂಬಾಲಿಸಿದ ಶಿಷ್ಯರಲ್ಲಿ ಹೆಚ್ಚಿನವರು ಚದರಿಹೋಗಿದ್ದರು. ಅಧಿಕಾರಿಗಳೂ ಸಿಪಾಯಿಗಳೂ ಹಾಸ್ಯಮಾಡುತ್ತಿದ್ದರು. ರಾಜ್ಯದ ಒಂದು ಗುರುತೂ ಕಾಣದ ಆ ದಿನವೇ, ಕೈಕಾಲುಗಳಿಗೆ ಮೊಳೆ ಹೊಡೆಸಿಕೊಂಡವನು ಪರದೈಸನ್ನು ತನ್ನದೆಂಬಂತೆ ಕೊಡುತ್ತಾನೆ. ರಾಜ್ಯವು ಬರುವಾಗ ನೆನಸಿಕೋ ಎಂದು ಬೇಡಿದವನು ತೀರ್ಪಿಗಾಗಿ ಅಲ್ಲಿಯವರೆಗೆ ಕಾಯಬೇಕಾಗಲಿಲ್ಲ. ಮಾತು ಅಂದೇ ಸಿಕ್ಕಿತು. ನಿದ್ರಿಸುವವನಿಗೆ ಗಂಟೆಗಳ ಲೆಕ್ಕ ತಿಳಿಯದಂತೆ, ನಡುವೆ ಕಳೆದ ಶತಮಾನಗಳು ಅವನಿಗೆ ತಿಳಿಯವು. ಆ ಮಧ್ಯಾಹ್ನ ಯೇಸುವಿನ ಬಾಯಿಂದ ವಾಗ್ದಾನ ಕೇಳಿದ ಅವನು, 1 ಥೆಸಲೊನೀಕ 4:16ರಲ್ಲಿ ಹೇಳಿರುವ ತುತೂರಿಯ ಧ್ವನಿಗೆ ಎಚ್ಚತ್ತು, ಆ ಮುಖವನ್ನೇ ಮತ್ತೆ ನೋಡುವನು.